‘ನಿಮ್ಮ ಕಾರ್ಟ್ ಪ್ರಸ್ತುತ ಖಾಲಿಯಾಗಿದೆ’

ನಾನು ಬರೆದ ಒಂದು ಕನ್ನಡ ವಾಕ್ಯದಿಂದಾಗಿ ಗದಗದ ಕಡೆಯ ನಿವೃತ್ತ ಮಾಸ್ತರರೊಬ್ಬರು ಹನ್ನೊಂದು ಪುಸ್ತಕಗಳಿಗೆ ಎರಡು ಸಲ ದುಡ್ಡು ಕಟ್ಟಿದರು. ವಾಕ್ಯ ಇದು: ‘ನಿಮ್ಮ ಕಾರ್ಟ್ ಪ್ರಸ್ತುತ ಖಾಲಿಯಾಗಿದೆ.’ ಕಾಗುಣಿತ ತಪ್ಪಿಲ್ಲ, ವ್ಯಾಕರಣ ತಪ್ಪಿಲ್ಲ. ಬರೆದಾಗ ಒಳಗೊಳಗೇ ಹೆಮ್ಮೆಯೂ ಇತ್ತು. ‘ಕರೆಂಟ್ಲಿ’ ಎಂಬುದಕ್ಕೆ ‘ಪ್ರಸ್ತುತ’ ಎಷ್ಟು ಚೆನ್ನಾಗಿ ಕೂತಿತಲ್ಲ ಎಂದು.

ಧಾರವಾಡದಲ್ಲಿ ಒಂದು ಹಳೆಯ ಪುಸ್ತಕದಂಗಡಿ ಇದೆ, ಹೆಸರು ಬೇಡ. ಪಿಎಚ್.ಡಿ.ಗೆ ಸೇರಿದ ತಿಂಗಳಿನಿಂದಲೇ ಅಲ್ಲಿ ನನ್ನ ಉದ್ರಿ ಲೆಕ್ಕವೂ ಶುರುವಾಗಿದೆ. ಮಾಲೀಕರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಊರೂರಿನ ಓದುಗರು ಫೋನ್ ಮಾಡಿ ಪುಸ್ತಕ ತರಿಸಿಕೊಳ್ಳುವುದು ಹೆಚ್ಚಾದಾಗ ಕಾಕಾ, ‘ನಮ್ದೂ ಒಂದು ವೆಬ್‌ಸೈಟ್ ಮಾಡಿಕೊಡ್ರಿ’ ಎಂದರು. ಕಂಪ್ಯೂಟರ್ ಸೈನ್ಸ್ ಓದಿದ ನನ್ನ ಗೆಳತಿ ವರ್ಡ್‌ಪ್ರೆಸ್‌ನಲ್ಲಿ ವೂಕಾಮರ್ಸ್ ಹಾಕಿ ಅಂಗಡಿ ಕಟ್ಟಿದಳು. ಕನ್ನಡ ನನ್ನ ಪಾಲಿಗೆ ಬಂತು. ಗುಂಡಿಗಳ ಮೇಲಿನ ಮಾತು, ತಪ್ಪಾದಾಗ ಬರುವ ಸಂದೇಶ, ಖಾಲಿ ಪುಟದ ಒಂದೊಂದು ಸಾಲು, ಎಲ್ಲವನ್ನೂ ಇಂಗ್ಲಿಷಿನಿಂದ ಕನ್ನಡಕ್ಕೆ ತಂದವಳು ನಾನು.

ಮಾಸ್ತರರು ಫೋನಿನಲ್ಲಿ ಒಂದು ಮಧ್ಯಾಹ್ನವಿಡೀ ಕೂತು ಹನ್ನೊಂದು ಪುಸ್ತಕ ಆರಿಸಿದ್ದರು. ಯುಪಿಐ ಮೂಲಕ ದುಡ್ಡು ಕಳಿಸಿದರು. ನೆಟ್‌ವರ್ಕ್ ನಿಧಾನವಿತ್ತು, ಆರ್ಡರ್ ಬಂತು ಎಂದು ಹೇಳುವ ಪುಟ ತೆರೆಯಲಿಲ್ಲ. ಅವರು ಹಿಂದಕ್ಕೆ ಒತ್ತಿದರು. ದುಡ್ಡು ಸಂದಾಯವಾದ ಕೂಡಲೇ ಕಾರ್ಟನ್ನು ಬರಿದು ಮಾಡುವುದು ಆ ತಂತ್ರಾಂಶದ ಕ್ರಮ. ಹಾಗಾಗಿ ಅವರಿಗೆ ಕಂಡದ್ದು ನನ್ನ ವಾಕ್ಯ. ಮಧ್ಯಾಹ್ನದ ಶ್ರಮವೆಲ್ಲ ನೀರಿನಲ್ಲಿ ಹೋಯಿತು ಎಂದುಕೊಂಡ ಅವರು ಮತ್ತೆ ಒಂದೊಂದೇ ಹುಡುಕಿ, ಆರಿಸಿ, ಮತ್ತೆ ಪಿಂಚಣಿ ಖಾತೆಯಿಂದ ಅಷ್ಟೇ ದುಡ್ಡು ಕಟ್ಟಿದರು. ಎರಡು ಪಾರ್ಸೆಲ್ ಕಟ್ಟುವಾಗ ಕಾಕಾಗೆ ಅನುಮಾನ ಬಂದು ಫೋನ್ ಮಾಡಿದ್ದರಿಂದ ವಿಷಯ ಗೊತ್ತಾಯಿತು. ದುಡ್ಡು ವಾಪಸು ಹೋಯಿತು. ಮಾಸ್ತರರು ಬೇಸರದ ಮಾತೇನೂ ಆಡಲಿಲ್ಲ. ‘ನನಗ ತಿಳೀಲಿಲ್ಲ, ನಂದ ತಪ್ಪು’ ಎಂದರಂತೆ. ನನಗೆ ಚುಚ್ಚಿದ್ದು ಆ ಮಾತು. ಓದುಗ ತನ್ನನ್ನೇ ದಡ್ಡ ಎಂದುಕೊಳ್ಳುವಂತೆ ಮಾಡುವ ಬರಹವನ್ನು ನಾವು ವಿಮರ್ಶೆಯಲ್ಲಿ ಸುಮ್ಮನೆ ಬಿಡುತ್ತೇವೆಯೇ?

ಆ ದಿನದಿಂದ ನಾನು ಈ ಜಾಲತಾಣವನ್ನು ಪಠ್ಯವೆಂದು ಓದತೊಡಗಿದೆ. ಇದು ನನ್ನ ಸಂಶೋಧನೆಗೆ ದೂರದ್ದೇನಲ್ಲ. ಹಳೆಯ ಕನ್ನಡ ಪುಸ್ತಕಗಳ ಕೊನೆಯ ಪುಟಗಳು, ಅಂದರೆ ಪ್ರಕಾಶಕರ ಬಿನ್ನಹ, ‘ನಮ್ಮಲ್ಲಿ ದೊರೆಯುವ ಪುಸ್ತಕಗಳು’ ಎಂಬ ಪಟ್ಟಿ, ಅಂಚೆ ವೆಚ್ಚದ ಸೂಚನೆ, ಇವೇ ನನ್ನ ವಿಷಯ. ಫ್ರೆಂಚ್ ವಿಮರ್ಶಕ ಜೆರಾರ್ ಜೆನೆಟ್ ಇಂಥ ಬರಹಗಳ ಬಗ್ಗೆ 1987ರಲ್ಲಿ ಬರೆದ ಪುಸ್ತಕದ ಹೆಸರಿನ ಅರ್ಥವೇ ‘ಹೊಸ್ತಿಲುಗಳು’. ಕೃತಿಯ ಒಳಗೂ ಅಲ್ಲದ ಹೊರಗೂ ಅಲ್ಲದ ಆ ಜಾಗದಲ್ಲಿ ಪುಸ್ತಕವು ಓದುಗನನ್ನು ಮಾತಾಡಿಸುತ್ತದೆ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿಕೊಂಡು ನಡೆದದ್ದು. ಮುಖ ನೋಡದ ಓದುಗನಿಗೆ ಕಾಗದದಲ್ಲಿ ಪುಸ್ತಕ ಮಾರುವುದು ನಮ್ಮಲ್ಲಿ ತಲೆಮಾರುಗಳಿಂದ ಇದೆ. ಒಂದು ಕಾರ್ಡು ಬರೆದು ಹಾಕಿದರೆ ಪುಸ್ತಕ ವಿ.ಪಿ.ಪಿ.ಯಲ್ಲಿ ಮನೆಗೆ ಬರುತ್ತಿತ್ತು, ದುಡ್ಡು ಪೋಸ್ಟ್‌ಮ್ಯಾನ್ ಕೈಗೆ. ಈಗ ಕ್ಯಾಶ್ ಆನ್ ಡೆಲಿವರಿ ಎಂದು ಕರೆದು ಹೊಸದೆನ್ನುತ್ತಿರುವುದು ಇದನ್ನೇ.

ಇನ್ನೊಂದು ತಮಾಷೆಯೂ ಇದೆ. ಅಮೆಜಾನ್ 1995ರಲ್ಲಿ ಅಂಗಡಿ ತೆರೆದದ್ದು ಪುಸ್ತಕಗಳಿಂದ. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಮೊದಲು ಮಾರಿದ್ದೂ ಪುಸ್ತಕವನ್ನೇ. ಎರಡೂ 2020ರಲ್ಲಿ ಕನ್ನಡದಲ್ಲಿ ಮಾತಾಡಲು ಶುರು ಮಾಡಿದವು. ಎಡಕ್ಕೆ ಚಿತ್ರ, ಬಲಕ್ಕೆ ಹೆಸರು, ಕೆಳಗೆ ಬೆಲೆ, ಬಣ್ಣದ ಗುಂಡಿ: ಪುಸ್ತಕ ಮಾರಿ ಬೆಳೆದವರ ಈ ಅಚ್ಚನ್ನು ಈಗ ಪುಸ್ತಕದಂಗಡಿಯವರೇ ಎರವಲು ತಂದು, ತಮಗೆ ಹೊಂದುತ್ತಿಲ್ಲವಲ್ಲ ಎಂದು ಒದ್ದಾಡುತ್ತಿದ್ದಾರೆ.

ನಾವೂ ಒದ್ದಾಡಿದೆವು. ಮೊದಲು ‘ಪ್ರೊಫೆಷನಲ್’ ಆಗಿ ಕಾಣಬೇಕು ಎಂಬ ಹಟ. ಕಾಕಾ ಅವರ ಅಂಗಡಿಯ ಫೋಟೋದಲ್ಲಿ ಟ್ಯೂಬ್‌ಲೈಟಿನ ವೈರು ಕಾಣುತ್ತದೆಂದು ಅದನ್ನು ಬಿಟ್ಟು, ಕಾಫಿ ಕಪ್ಪಿನ ಪಕ್ಕ ಇಂಗ್ಲಿಷ್ ಪುಸ್ತಕವಿರುವ ಪುಕ್ಕಟೆ ಚಿತ್ರ ಹಾಕಿದೆವು. ಫೋನ್ ನಂಬರು ಮೇಲಿದ್ದರೆ ಕಿರಾಣಿ ಅಂಗಡಿಯ ಬೋರ್ಡಿನಂತೆ ಕಾಣುತ್ತದೆಂದು ಪುಟದ ಬುಡಕ್ಕೆ, ಬೂದು ಬಣ್ಣಕ್ಕೆ ತಳ್ಳಿದೆವು. ಸಿದ್ಧ ವಿನ್ಯಾಸದ ಸಾಲುಗಳ ನಡುವಿನ ಅಂತರ ಇಂಗ್ಲಿಷ್ ಅಕ್ಷರಕ್ಕೆ ಅಳೆದದ್ದು. ಕನ್ನಡದ ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು ಎಂದು ಅದಕ್ಕೇನು ಗೊತ್ತು? ‘ರಾಷ್ಟ್ರಕವಿ’ಯ ಒತ್ತುಗಳು ಕೆಳಗಿನ ಸಾಲಿನ ತಲೆಗೆ ತಾಗುತ್ತಿದ್ದವು, ‘ಪುಸ್ತಕ’ದ ತಕಾರದೊತ್ತು ಗುಂಡಿಯ ಅಂಚಿನಲ್ಲಿ ಕತ್ತರಿಸಿಹೋಗಿತ್ತು. ವಾಪಸಾತಿಯ ನಿಯಮಗಳನ್ನು ಬೇರೆಲ್ಲಿಂದಲೋ ಎತ್ತಿ ನಾನೇ ಅನುವಾದಿಸಿದ್ದೆ. ತಿಂಗಳುಗಳ ಮೇಲೆ ನೋಡಿದರೆ, ‘ಅಳತೆ ಸರಿಹೋಗದಿದ್ದಲ್ಲಿ ಏಳು ದಿನಗಳೊಳಗೆ ಬದಲಾಯಿಸಿಕೊಳ್ಳಬಹುದು’ ಎಂಬ ಸಾಲು ಅಲ್ಲಿ ಹಾಗೇ ಕೂತಿದೆ. ಯಾರೂ ದೂರು ಕೊಟ್ಟಿರಲಿಲ್ಲ. ಯಾರೂ ಓದಿಯೇ ಇರಲಿಲ್ಲ.

ಇವೆಲ್ಲ ತಿದ್ದಬಹುದಾದ ತಪ್ಪುಗಳು, ತಿದ್ದಿದೆವು. ಸಾಲುಗಳ ಅಂತರ ಹೆಚ್ಚಿಸಿದರೆ ಒತ್ತು ಉಳಿಯುತ್ತದೆ, ಚಿತ್ರದ ತೂಕ ಇಳಿಸಿದರೆ ಹಳ್ಳಿಯ ಫೋನಿನಲ್ಲೂ ಪುಟ ಬೇಗ ತೆರೆಯುತ್ತದೆ. ನನಗೆ ಬಿಡಿಸಲು ಹೆಚ್ಚು ಕಾಲ ಹಿಡಿದದ್ದು ಮಾತಿನ ಗಂಟು. ಇಲ್ಲಿ ಮಾತಾಡುತ್ತಿರುವವರು ಯಾರು?

ಕತೆ ಕಾದಂಬರಿ ಓದುವಾಗ ನಾವು ಮೊದಲು ಕೇಳುವ ಪ್ರಶ್ನೆಯನ್ನೇ ಈ ಪುಟಕ್ಕೆ ಕೇಳಿ ನೋಡಿ. ಮೇಲಿನ ಪಟ್ಟಿಯಲ್ಲಿ ‘ನನ್ನ ಖಾತೆ’, ‘ನನ್ನ ಆರ್ಡರ್‌ಗಳು’ ಎಂದಿದೆ. ಒಳಗೆ ಹೋದರೆ ‘ನಿಮ್ಮ ವಿಳಾಸ’, ‘ನಿಮ್ಮ ಕಾರ್ಟ್’. ಒಂದು ಕ್ಷಣ ಗ್ರಾಹಕನೇ ನಿರೂಪಕ, ಮರುಕ್ಷಣ ಅವನು ಕೇಳುಗ. ಇಂಗ್ಲಿಷಿನ ತಾಣಗಳಲ್ಲೂ ಈ ಕಲಬೆರಕೆ ಇದೆ, ನಾನು ಅದನ್ನು ಹಾಗೇ ತಂದಿದ್ದೆ. ಕಾಕಾ ಒಂದು ದಿನ ಇದನ್ನು ಗಟ್ಟಿಯಾಗಿ ಓದಿ, ‘ಇದು ಯಾರ ಮಾತವಾ? ನಾ ಅಂತೂ ಹಿಂಗ ಮಾತಾಡಂಗಿಲ್ಲ’ ಎಂದರು. ನಾನು ಐದು ವರ್ಷದಿಂದ ನಿರೂಪಣಾಶಾಸ್ತ್ರ ಓದುತ್ತಿದ್ದೇನೆ.

ಇನ್ನು ವಿಭಕ್ತಿಯ ಗೋಳು. ತಂತ್ರಾಂಶ ಬರೆಯುವವರು ವಾಕ್ಯದ ನಡುವೆ ಒಂದು ಖಾಲಿ ಜಾಗ ಬಿಟ್ಟಿರುತ್ತಾರೆ. ಯಾವ ಪುಸ್ತಕ ಆರಿಸಿದರೂ ಅದರ ಹೆಸರು ಅಲ್ಲಿ ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ಹೆಸರು ಎಲ್ಲಿ ಕೂತರೂ ಅದರ ರೂಪ ಬದಲಾಗುವುದಿಲ್ಲ. ಕನ್ನಡದಲ್ಲಿ ಹೆಸರು ವಾಕ್ಯದೊಳಗೆ ಬಂದ ಕೂಡಲೇ ಪ್ರತ್ಯಯ ಹತ್ತುತ್ತದೆ, ಸಂಧಿಯಾಗುತ್ತದೆ. ಯಂತ್ರಕ್ಕೆ ಅದು ಬಾರದು. ಹಾಗಾಗಿ ನಮ್ಮ ತಾಣ ಹೇಳುತ್ತಿತ್ತು: ‘ಮೂಕಜ್ಜಿಯ ಕನಸುಗಳು ಅನ್ನು ನಿಮ್ಮ ಕಾರ್ಟ್‌ಗೆ ಸೇರಿಸಲಾಗಿದೆ.’ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸಂಧಿ ಪ್ರಕರಣವನ್ನೇ ಮೊದಲಿಗೆ ಇಟ್ಟ. ಎಂಟು ಶತಮಾನದ ಹತ್ತಿರ ಕಳೆದ ಮೇಲೆ ‘ಕನಸುಗಳು ಅನ್ನು’ ಎಂದು ಬಿಡಿಬಿಡಿಯಾಗಿ ಉಚ್ಚರಿಸುವ ಹೊಸ ಕನ್ನಡವೊಂದು ನಮ್ಮ ಫೋನುಗಳಲ್ಲಿ ಬೆಳೆಯುತ್ತಿದೆ. ಬ್ಯಾಂಕಿನ ಸಂದೇಶದಲ್ಲಿ, ಗ್ಯಾಸ್ ಬುಕಿಂಗಿನಲ್ಲಿ, ರೀಚಾರ್ಜಿನಲ್ಲಿ ಇದನ್ನು ದಿನಕ್ಕೆ ಹತ್ತು ಸಲ ಓದುತ್ತೇವೆ. ನಾಡಿನಲ್ಲಿ ಈಗ ಅತಿ ಹೆಚ್ಚು ಓದಿಸಿಕೊಳ್ಳುವ ಕನ್ನಡ ಗದ್ಯ ಬಹುಶಃ ಇದೇ. ಇದರ ಬಗ್ಗೆ ಒಂದೂ ವಿಚಾರ ಸಂಕಿರಣ ಆದದ್ದು ನಾನು ಕಂಡಿಲ್ಲ.

ಪರಿಹಾರ ಕಷ್ಟದ್ದೇನಲ್ಲ. ಹೆಸರಿಗೆ ಪ್ರತ್ಯಯ ಹತ್ತದಂತೆ ವಾಕ್ಯವನ್ನೇ ತಿರುಗಿಸಿ ಬರೆಯಬೇಕು, ಅಂದರೆ ಅನುವಾದ ಬಿಟ್ಟು ಬರವಣಿಗೆ ಮಾಡಬೇಕು. ‘ತೆಗೆದಿಟ್ಟಿದ್ದೇವೆ: ಮೂಕಜ್ಜಿಯ ಕನಸುಗಳು’ ಎಂದರೆ ಸಾಕು, ಪ್ರತ್ಯಯದ ಜಗಳವೇ ಇಲ್ಲ.

‘ತೆಗೆದಿಡು’ ಎಂಬ ಮಾತು ನಮಗೆ ಸಿಕ್ಕಿದ್ದು ಅಂಗಡಿಯಲ್ಲೇ. ಕಾರ್ಟ್, ಬುಟ್ಟಿ, ಚೀಲ, ಗಾಡಿ, ಎಲ್ಲವನ್ನೂ ಹಾಕಿ ನೋಡಿ ಸೋತಿದ್ದೆ. ಕಾಕಾ ಅವರ ಅಂಗಡಿಗೆ ಯಾರೂ ಬುಟ್ಟಿ ಹಿಡಿದು ಬರುವುದಿಲ್ಲ. ಒಂದು ಶನಿವಾರ ಸುಮ್ಮನೆ ಮೂಲೆಯಲ್ಲಿ ಕೂತು ಬಂದವರ ಮಾತು ಕೇಳಿಸಿಕೊಂಡೆ. ‘ಇದನ್ನ ತೆಗೆದಿಡ್ರಿ, ಆಮ್ಯಾಲೆ ನೋಡ್ತೀನಿ.’ ‘ನಿನ್ನೆ ತೆಗೆದಿಟ್ಟಿದ್ರೆಲ್ಲ, ಅದನ್ನ ಕಟ್ರಿ.’ ಕಪಾಟಿನಿಂದ ಕೌಂಟರಿಗೆ ಬಂದು, ಇನ್ನೂ ದುಡ್ಡು ಕೊಡದ, ಆದರೆ ಬೇರೆಯವರ ಕೈಗೂ ಹೋಗದ ಪುಸ್ತಕದ ಸ್ಥಿತಿಗೆ ಕನ್ನಡದಲ್ಲಿ ಮೊದಲೇ ಮಾತಿತ್ತು. ಅದರಲ್ಲಿ ಒಬ್ಬ ಮನುಷ್ಯನೂ ಇದ್ದಾನೆ. ಕಾರ್ಟ್ ತನ್ನಷ್ಟಕ್ಕೆ ತಾನೇ ಖಾಲಿಯಾಗುತ್ತದೆ. ತೆಗೆದಿಡುವುದಕ್ಕೆ ತೆಗೆದಿಡುವವರೊಬ್ಬರು ಬೇಕು. ಅವರನ್ನು ಕೇಳಬಹುದು.

ಇದರಲ್ಲೂ ಒಂದು ಎಡವಟ್ಟಾಯಿತೆಂದು ಒಪ್ಪಿಕೊಳ್ಳಬೇಕು. ಪುಸ್ತಕದ ಪಕ್ಕ ‘ತೆಗೆದಿಡಿ’ ಎಂದಿತ್ತು, ಪಟ್ಟಿಯಿಂದ ಕೈಬಿಡಲು ‘ತೆಗೆದುಹಾಕಿ’ ಎಂದಿತ್ತು. ನಮ್ಮ ‘ತೆಗೆ’ ಎಂಬ ಧಾತು ಕೊಡುವುದಕ್ಕೂ ಕೀಳುವುದಕ್ಕೂ ಒಂದೇ. ಎಂ.ಎ. ತರಗತಿಯ ಹುಡುಗಿಯೊಬ್ಬಳು ಎರಡನ್ನೂ ಅದಲುಬದಲಾಗಿ ಒತ್ತಿ ನಗುತ್ತಾ ಫೋನ್ ತೋರಿಸಿದಳು. ‘ತೆಗೆದುಹಾಕಿ’ ಇದ್ದಲ್ಲಿ ಈಗ ಬರೀ ‘ಬೇಡ’ ಎಂದಿದೆ.

‘ಲಾಗಿದೆ’ಯ ಬಗ್ಗೆ ಎರಡು ಮಾತು. ಸ್ವೀಕರಿಸಲಾಗಿದೆ, ರದ್ದುಗೊಳಿಸಲಾಗಿದೆ, ಪ್ರಕ್ರಿಯೆಗೊಳಿಸಲಾಗುತ್ತಿದೆ. ಇದು ಸರ್ಕಾರಿ ಸುತ್ತೋಲೆಯಿಂದ ಬಂದ ಕರ್ಮಣಿ. ಯಾರು ಮಾಡಿದರು ಎಂದು ಹೇಳದೆ ಕೆಲಸ ಆದದ್ದನ್ನು ಹೇಳುವ ಈ ರೂಪ ಕಚೇರಿಗೆ ಅನುಕೂಲ, ಕೇಳುವವರಿಗೆ ಅಲ್ಲ. ‘ನಿಮ್ಮ ಪಾವತಿ ವಿಫಲವಾಗಿದೆ’ ಎಂದು ಪರದೆ ಕೆಂಪಾದಾಗ ಮನುಷ್ಯನ ಎದೆಯಲ್ಲಿರುವ ಪ್ರಶ್ನೆ ಒಂದೇ: ನನ್ನ ದುಡ್ಡು ಎಲ್ಲಿ? ಆ ವಾಕ್ಯದಲ್ಲಿ ಅದಕ್ಕೆ ಉತ್ತರವಿಲ್ಲ. ನಮ್ಮದರಲ್ಲಿ ಈಗ ಹೀಗಿದೆ: ‘ದುಡ್ಡು ನಮಗೆ ಬಂದಿಲ್ಲ. ನಿಮ್ಮ ಖಾತೆಯಿಂದ ಹೋಗಿದ್ದರೆ ಮತ್ತೆ ಕಟ್ಟಬೇಡಿ, ಮೊದಲು ಈ ನಂಬರಿಗೆ ಫೋನ್ ಮಾಡಿ.’ ಉದ್ದವಾಯಿತು ಎಂದು ಗೆಳತಿ ಗೊಣಗಿದಳು. ಚಿಕ್ಕದಾಗಿ ಹೇಳುವುದೇ ಚೆನ್ನಾಗಿ ಹೇಳುವುದು ಎಂದು ಈ ವಿದ್ಯೆಯವರು ನಂಬಿದ್ದಾರೆ. ಹೆದರಿದವರಿಗೆ ಚಿಕ್ಕ ಮಾತು ಗದರಿದ ಹಾಗೆ ಕೇಳುತ್ತದೆ.

ಹೇಗೆ ಬರೆದರೆ ಜನ ಬೇಗ ಕೊಳ್ಳುತ್ತಾರೆ ಎಂಬುದನ್ನೇ ಕಸುಬು ಮಾಡಿಕೊಂಡವರೂ ಇದ್ದಾರೆ. ಓದುಗನನ್ನು ಬಲೆಗೆ ಕೆಡಹುವ ವಿನ್ಯಾಸಗಳಿಗೆ ‘ಡಾರ್ಕ್ ಪ್ಯಾಟರ್ನ್’ ಎಂದು 2010ರಲ್ಲಿ ಹೆಸರಿಟ್ಟದ್ದು ಹ್ಯಾರಿ ಬ್ರಿಗ್ನಲ್ ಎಂಬ ಬ್ರಿಟಿಷ್ ವಿನ್ಯಾಸಕಾರ. ನಮ್ಮ ದೇಶದಲ್ಲಿ 2023ರ ನವೆಂಬರ್‌ನಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಇಂಥ 13 ತಂತ್ರಗಳನ್ನು ಪಟ್ಟಿ ಮಾಡಿದೆ. ಕೇಳದೆಯೇ ಬುಟ್ಟಿಗೆ ಸಾಮಾನು ತುರುಕುವುದು ಒಂದು, ಹುಸಿ ಅವಸರ ಹುಟ್ಟಿಸುವುದು ಇನ್ನೊಂದು. ಸಾಹಿತ್ಯದ ವಿದ್ಯಾರ್ಥಿಗಳು ಅದನ್ನು ಒಮ್ಮೆ ಓದಬೇಕು. ಸರ್ಕಾರಿ ಕಾಗದದಲ್ಲಿ ಇಷ್ಟು ಸೂಕ್ಷ್ಮವಾದ ಪಠ್ಯವಿಶ್ಲೇಷಣೆ ಅಪರೂಪ. ನನ್ನನ್ನು ಹಿಡಿದು ನಿಲ್ಲಿಸಿದ್ದು ನಾಚಿಕೆ ಹುಟ್ಟಿಸಿ ಒಪ್ಪಿಸುವ ತಂತ್ರ. ವಿಮಾನದ ಟಿಕೆಟ್ಟಿನ ಜೊತೆ ವಿಮೆ ಬೇಡ ಎನ್ನುವವನು ತಾನು ಅಸುರಕ್ಷಿತನಾಗಿಯೇ ಇರುತ್ತೇನೆ ಎಂಬರ್ಥದ ಗುಂಡಿಯನ್ನು ಒತ್ತಬೇಕಾಗುವುದು ಅಲ್ಲಿ ಕೊಟ್ಟ ಉದಾಹರಣೆ. ನಿರೂಪಕ ಪಾತ್ರದ ಬಾಯಿಯಲ್ಲಿ ತನ್ನ ಮಾತನ್ನು ತುರುಕಿದಾಗ ನಾವು ಕಾದಂಬರಿಕಾರನನ್ನು ಬಯ್ಯುತ್ತೇವೆ. ಇಲ್ಲಿ ಪಾತ್ರ ನಾವೇ, ಮಾತು ಅವರದು. ‘ನನ್ನ’ ಮತ್ತು ‘ನಿಮ್ಮ’ ಕಲಬೆರಕೆಯಾದದ್ದನ್ನು ನಾನು ಬರೀ ಅಜಾಗರೂಕತೆ ಎಂದುಕೊಂಡಿದ್ದೆ. ಅದಕ್ಕೆ ಉಪಯೋಗವೂ ಇದೆ ಎಂದು ಇದನ್ನು ಓದಿದ ಮೇಲೆ ತಿಳಿಯಿತು.

ಹುಸಿ ಅವಸರದಿಂದ ನಮಗಾದ ಪೆಟ್ಟು ಬೇರೆ ತರಹದ್ದು. ಕನ್ನಡ ಪುಸ್ತಕಗಳು ಅಚ್ಚಾಗುವುದೇ ಐನೂರು, ಸಾವಿರ ಪ್ರತಿ. ಮರುಮುದ್ರಣ ಯಾವಾಗಲೋ. ಹಾಗಾಗಿ ‘ಎರಡೇ ಪ್ರತಿ ಉಳಿದಿವೆ’ ಎಂದು ನಾವು ಹಾಕಿದ್ದು ನೂರಕ್ಕೆ ನೂರು ನಿಜ. ಆದರೆ ಸಂಶೋಧನೆ ಮಾಡುತ್ತಿರುವ ಹುಡುಗನೊಬ್ಬ ಅದನ್ನು ನೋಡಿ ನಕ್ಕು ಪುಟ ಮುಚ್ಚಿದ. ಎಲ್ಲ ತಾಣಗಳೂ ಹೀಗೇ ಅನ್ನುತ್ತವಲ್ಲ, ಅವನಿಗೂ ಅದು ವ್ಯಾಪಾರದ ಮಾತಾಗಿ ಕಂಡಿತು. ಆಮೇಲೆ ಆ ಪುಸ್ತಕಕ್ಕೆ ಊರೆಲ್ಲ ಅಲೆದ. ಸುಳ್ಳು ಹೇಳುವವರು ಒಂದು ವಾಕ್ಯವನ್ನು ಸವೆಸಿಬಿಟ್ಟರೆ ನಿಜ ಹೇಳುವವನಿಗೆ ಆ ವಾಕ್ಯ ಸಿಗುವುದಿಲ್ಲ. ಕಾಕಾ ಅಂಗಡಿಯಲ್ಲಿ ಇದೇ ಸಂಗತಿಯನ್ನು ಹೇಗೆ ಹೇಳುತ್ತಾರೆ ಎಂದು ಗಮನಿಸಿದೆ. ‘ಎರಡ ಅದಾವು. ಒಂದರ ಹೊದಿಕಿ ಹರದದ. ಪ್ರಕಾಶಕರ ಕಡೆ ಮುಗದದ.’ ನಂಬಿಕೆ ಹುಟ್ಟುವುದು ಆ ಹರಿದ ಹೊದಿಕೆಯಿಂದ. ತನ್ನ ಸರಕಿನ ಕುಂದನ್ನು ಮಾರುವವನೇ ಹೇಳಿದಾಗ ಉಳಿದದ್ದೂ ನಿಜವಿರಬೇಕು ಅನ್ನಿಸುತ್ತದೆ. ಈಗ ತಾಣದಲ್ಲಿ ಪ್ರತಿಯ ಸ್ಥಿತಿಗೆಂದೇ ಒಂದು ಸಾಲಿದೆ, ಅದನ್ನು ಕಾಕಾನೇ ಬರೆಯುತ್ತಾರೆ. ನಮ್ಮ ಜಾಲತಾಣದಲ್ಲಿ ನಾನು ಸಂತೋಷದಿಂದ ಓದುವ ಗದ್ಯ ಅದೊಂದೇ. ಅದರ ಜೊತೆಗೇ ಯಾವ ಮುದ್ರಣ, ಯಾವ ವರ್ಷ ಎಂಬುದೂ ಬರತೊಡಗಿತು. ದೊಡ್ಡ ತಾಣಗಳಲ್ಲಿ ಕನ್ನಡ ಪುಸ್ತಕ ಹುಡುಕುವ ಸಂಶೋಧಕರು ಎಷ್ಟು ಸಲ ಪರಿಷ್ಕೃತ ಮುದ್ರಣವೆಂದು ತರಿಸಿ ಹಳೆಯದನ್ನು ಪಡೆದಿಲ್ಲ!

ಹುಡುಕುವ ಪೆಟ್ಟಿಗೆಯ ಕತೆಯೇ ಬೇರೆ. ‘ನಾಲ್ಕು ತಂತಿ’ ಎಂದು ಹುಡುಕಿದರೆ ನಮ್ಮ ತಾಣ ‘ಯಾವುದೇ ಫಲಿತಾಂಶಗಳು ಕಂಡುಬಂದಿಲ್ಲ’ ಎನ್ನುತ್ತಿತ್ತು. ಬೇಂದ್ರೆಯವರ ಪುಸ್ತಕ ‘ನಾಕುತಂತಿ’. ಕಾಕಾನ ಹಿಂದಿನ ಕಪಾಟಿನಲ್ಲಿ ಅದರ ಪ್ರತಿಗಳು ಸಾಲಾಗಿ ನಿಂತಿದ್ದವು. ಇನ್ನೊಂದು ಕಡೆ ‘ಸಂಸ್ಕಾರ’ ಎಂದರೆ ಅನಂತಮೂರ್ತಿಯವರ ಕಾದಂಬರಿಯ ಜೊತೆ ಷೋಡಶ ಸಂಸ್ಕಾರದ ಕೈಪಿಡಿಗಳೂ ಬರುತ್ತಿದ್ದವು (ಪ್ರಾಣೇಶಾಚಾರ್ಯರಿಗೆ ಅವೂ ಬೇಕಿದ್ದವು ಅನ್ನಿ). ಹೆಸರುಗಳ ತೊಡಕಂತೂ ಮುಗಿಯದು. ದ.ರಾ. ಬೇಂದ್ರೆ ಎಂದೂ ಬರೆಯುತ್ತಾರೆ, ಚುಕ್ಕಿ ಬಿಟ್ಟೂ ಬರೆಯುತ್ತಾರೆ, ಅಂಬಿಕಾತನಯದತ್ತ ಎಂದೂ ಹುಡುಕುತ್ತಾರೆ, ಇಂಗ್ಲಿಷ್ ಅಕ್ಷರದಲ್ಲೂ ಹುಡುಕುತ್ತಾರೆ. ಕಣ್ಣಿಗೆ ಕಾಣದ ತೊಡಕು ಇನ್ನೊಂದಿದೆ. ಯೂನಿಕೋಡ್‌ನಲ್ಲಿ ‘ಕೋ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಗುರುತಾಗಿಯೂ ಬರೆಯಬಹುದು, ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಮೊದಲೇ ಒಂದು ರೂಪಕ್ಕೆ ತಂದುಕೊಳ್ಳದಿದ್ದರೆ ಯಂತ್ರಕ್ಕೆ ಅವು ಎರಡು ಬೇರೆ ಪದ. ಕಾಕಾನ ದಾಸ್ತಾನು ಪಟ್ಟಿ ಹಳೆಯ ನುಡಿ ಅಕ್ಷರಗಳಲ್ಲಿತ್ತು. ಯೂನಿಕೋಡ್‌ಗೆ ತಿರುಗಿಸುವಾಗ ಕೆಲವು ಅರ್ಕಾವತ್ತುಗಳು ಜಾಗ ತಪ್ಪಿದ್ದವು. ಎಷ್ಟೋ ಪುಸ್ತಕಗಳು ಅಂಗಡಿಯಲ್ಲಿದ್ದೂ ತಾಣದಲ್ಲಿ ಕಳೆದುಹೋಗಿದ್ದವು.

ಕೊಂಡಿಯ ವಿಳಾಸವನ್ನೂ ಕನ್ನಡದಲ್ಲೇ ಇಡೋಣ ಎಂದು ಹಟ ಹಿಡಿದವಳೂ ನಾನೇ. ಪ್ರತಿ ಕನ್ನಡ ಗುರುತೂ ಕೊಂಡಿಯಲ್ಲಿ ಒಂಬತ್ತು ಸಂಕೇತಗಳಾಗಿ ಬಿಚ್ಚಿಕೊಳ್ಳುತ್ತದೆ. ‘ಮಲೆಗಳಲ್ಲಿ ಮದುಮಗಳು’ ಎಂಬಷ್ಟಕ್ಕೇ 145 ಅಕ್ಷರ, ಒಂದು ಅಡ್ಡಗೆರೆ ಸೇರಿ. ವಾಟ್ಸ್ಯಾಪ್‌ನಲ್ಲಿ ಅದನ್ನು ಕಳಿಸಿದರೆ ಯಾರೋ ಫೋನಿಗೆ ವೈರಸ್ ಬಿಟ್ಟರೆಂದು ಜನ ಹೆದರುತ್ತಿದ್ದರು. ಅಭಿಮಾನ ಬಿಟ್ಟು ಕೊಂಡಿಯಲ್ಲಿ ಬರೀ ಅಂಕಿ ಇಟ್ಟೆವು.

ಬಳಕೆಗೆ ಸುಲಭವಾದ ತಾಣ ಹೇಗಿರಬೇಕು ಎಂಬುದರ ಬಗ್ಗೆ ಸ್ಟೀವ್ ಕ್ರುಗ್ 2000ದಲ್ಲಿ ಬರೆದ ಪುಸ್ತಕ ಆ ಕ್ಷೇತ್ರದ ಹೊತ್ತಗೆಯೇ ಆಗಿದೆ. ನನ್ನನ್ನು ಯೋಚನೆಗೆ ಹಚ್ಚಬೇಡ ಎಂಬುದು ಅದರ ಹೆಸರಿನ ಅರ್ಥ. ಸಾಹಿತ್ಯ ಓದಿದವರಿಗೆ ಇದು ಸುಲಭಕ್ಕೆ ಗಂಟಲಲ್ಲಿ ಇಳಿಯುವುದಿಲ್ಲ. ಶ್ಕ್ಲೋವ್‌ಸ್ಕಿ 1917ರಲ್ಲಿ ಬರೆದದ್ದನ್ನು ನಮಗೆ ಮೊದಲ ಸೆಮಿಸ್ಟರಿನಲ್ಲೇ ಕಲಿಸುತ್ತಾರೆ: ಕಲೆ ಇರುವುದು ನಮ್ಮ ಗ್ರಹಿಕೆಯನ್ನು ತಡೆದು ನಿಲ್ಲಿಸಿ, ರೂಢಿಯಾದದ್ದನ್ನು ಹೊಸದಾಗಿ ಕಾಣಿಸುವುದಕ್ಕೆ. ಒಬ್ಬರು ನಿಲ್ಲಿಸಬೇಡಿ ಎನ್ನುತ್ತಾರೆ, ಇನ್ನೊಬ್ಬರು ನಿಲ್ಲಿಸಿ ಎನ್ನುತ್ತಾರೆ. ಕವಿತೆ ಬೇರೆ, ಅಂಗಡಿ ಬೇರೆ ಎಂದು ಕೈತೊಳೆದುಕೊಳ್ಳಬಹುದು. ನನಗೆ ಅಷ್ಟು ಸರಳ ಅನ್ನಿಸಲಿಲ್ಲ. ಅಂಗಡಿಯಲ್ಲೂ ನಿಲ್ಲಬೇಕಾದ ಜಾಗಗಳಿವೆ. ಹುಡುಕುವಾಗ ತಡೆ ಇರಬಾರದು. ದುಡ್ಡು ಕೊಡುವ ಮುಂಚೆ ಒಮ್ಮೆ ನಿಂತು, ಏನು, ಎಷ್ಟು, ಯಾವ ವಿಳಾಸಕ್ಕೆ ಎಂದು ನೋಡಿಕೊಳ್ಳುವಂತಿರಬೇಕು. ಹಲವು ವ್ಯಾಪಾರ ತಾಣಗಳಲ್ಲಿ ಇದು ತಲೆಕೆಳಗಾಗಿದೆ. ಕೊಳ್ಳಲು ಒಂದೇ ಬೆರಳು ಸಾಕು, ಚಂದಾ ನಿಲ್ಲಿಸಲು ಆರು ಪುಟ ದಾಟಬೇಕು. ‘ಬಳಕೆದಾರಸ್ನೇಹಿ’ ಎಂಬ ಸಮಾಸವನ್ನು ಕಂಡಾಗಲೆಲ್ಲ ಅದನ್ನು ಬಿಡಿಸಿ, ಯಾರ ಸ್ನೇಹ, ಯಾವ ಹೊತ್ತಿನಲ್ಲಿ ಎಂದು ಕೇಳಬೇಕಾಗಿದೆ.

ಹಾಗಾದರೆ ಅಂಗಡಿಯ ಆಡುಮಾತನ್ನೇ ತಾಣಕ್ಕೆ ಇಳಿಸಿದರಾಯಿತಲ್ಲ ಎಂದು ನನಗೂ ಅನ್ನಿಸಿತ್ತು. ಇಳಿಸಿದೆ ಕೂಡ. ಗುಂಡಿಗಳೆಲ್ಲ ಧಾರವಾಡದ ಕನ್ನಡ ಮಾತಾಡಿದವು: ‘ತೆಗೆದಿಡ್ರಿ’, ‘ರೊಕ್ಕಾ ಕೊಡ್ರಿ’, ‘ಬ್ಯಾಡ’. ಗೆಳೆಯರು ಸ್ಕ್ರೀನ್‌ಶಾಟ್ ತೆಗೆದು ಹಂಚಿದರು, ಎರಡು ದಿನ ಖುಷಿಯಾಯಿತು. ಕಾಕಾ ಮಾತ್ರ ಓದಿ ಮುಖ ಸಣ್ಣದು ಮಾಡಿಕೊಂಡರು. ‘ನಾಟಕ ಮಾಡಿದಂಗ ಆತವಾ ಇದು. ಮೈಸೂರಿನವರು ಬಂದ್ರ ನಾ ಹಿಂಗ ಮಾತಾಡ್ತೀನೇನು?’ ಅವರು ಹೇಳಿದ್ದು ಸರಿ. ಮೈಸೂರಿನ ಕಡೆಯವರ ಹತ್ತಿರ ಅವರ ಮಾತೇ ಸ್ವಲ್ಪ ಬದಲಾಗುತ್ತದೆ, ಹುಡುಗರ ಹತ್ತಿರ ಇನ್ನೊಂದು ಬಗೆ, ಮಾಸ್ತರರ ಹತ್ತಿರ ಮತ್ತೊಂದು. ಮಾತಾಡುವವನು ಎದುರಿನ ಮುಖ ನೋಡಿ ಮಾತು ಹೊಂದಿಸುತ್ತಾನೆ. ಮುಖವೇ ಕಾಣದ ತಾಣಕ್ಕೆ ಆಡುಮಾತಿನ ವೇಷ ಹಾಕಿದರೆ ಅದು ಹೋಟೆಲಿನ ಬಾಗಿಲಲ್ಲಿ ಪೇಟ ತೊಟ್ಟು ನಿಂತವನ ನಮಸ್ಕಾರದಂತಾಗುತ್ತದೆ. ಬರಹದ ಕನ್ನಡವನ್ನೇ ಇಟ್ಟುಕೊಂಡೆವು, ‘ಪ್ರಸ್ತುತ’ವನ್ನು ಬಿಟ್ಟೆವು.

ಕಾಫಿ ಕಪ್ಪಿನ ಚಿತ್ರ ಹೋಗಿ ವೈರು ಕಾಣುವ ಫೋಟೋ ಬಂತು. ಫೋನ್ ನಂಬರು ಮೇಲೆ ಬಂತು. ಆನ್‌ಲೈನ್‌ನಲ್ಲಿ ಮಾರುವವರ ಹೆಸರು, ವಿಳಾಸ, ಸಂಪರ್ಕ ಎಲ್ಲವೂ ಎದ್ದು ಕಾಣುವಂತಿರಬೇಕೆಂದು, ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕೆಂದು, ದೂರು ಬಂದದ್ದನ್ನು ಅವರು 48 ಗಂಟೆಯೊಳಗೆ ಖಚಿತಪಡಿಸಬೇಕೆಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ನಾವು ಪ್ರೊಫೆಷನಲ್ ಅಲ್ಲವೆಂದು ಬುಡಕ್ಕೆ ತಳ್ಳಿದ್ದನ್ನು ಕಾನೂನು ಮೇಲಿಡು ಎನ್ನುತ್ತಿತ್ತು. ‘ದೂರು ಅಧಿಕಾರಿ’ ಎಂಬಲ್ಲಿ ಯಾರ ಹೆಸರು ಹಾಕಲಿ ಎಂದು ಕೇಳಿದೆ. ಕಾಕಾ ಕನ್ನಡಕ ಒರೆಸಿಕೊಂಡು, ‘ಬೈಸ್ಕೊಳ್ಳಾಂವ ನಾನ ಅಲ್ಲೇನು, ನಂದ ಹಾಕು’ ಎಂದರು.

ಆ ಖಾಲಿ ಪುಟದಲ್ಲಿ ಈಗ ಹೀಗಿದೆ: ‘ತೆಗೆದಿಟ್ಟ ಪುಸ್ತಕಗಳು ಇಲ್ಲ. ಈಗಷ್ಟೇ ದುಡ್ಡು ಕಟ್ಟಿದ್ದೀರಾ? ಹಾಗಿದ್ದರೆ ಮತ್ತೆ ಕಟ್ಟಬೇಡಿ. ಆರ್ಡರ್ ಬಂದಿದೆಯೇ ಎಂದು ನಮ್ಮನ್ನು ಕೇಳಿ.’ ಕೆಳಗೆ ನಂಬರು.

ಹೋದ ತಿಂಗಳು ಗದಗದ ಮಾಸ್ತರರಿಂದ ಮತ್ತೆ ಆರ್ಡರ್ ಬಂತು. ಫೋನಿನಲ್ಲಿ. ಅವರು ಒಂದೊಂದೇ ಹೆಸರು ಹೇಳುತ್ತ ಹೋದರು, ಕಾಕಾ ಎದುರಿಗಿದ್ದ ಕಂಪ್ಯೂಟರಿನಲ್ಲಿ ಅವರ ಪರವಾಗಿ ತಾಣದೊಳಗೆ ಹೋಗಿ ಒಂದೊಂದನ್ನೇ ತೆಗೆದಿಡುತ್ತ ಹೋದರು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಕೊನೆಗೆ ಒತ್ತಿದ ಕೂಡಲೇ ಮಾಸ್ತರರ ಫೋನಿಗೆ ಎಸ್ಎಂಎಸ್ ಹೋಯಿತು. ಕನ್ನಡದಲ್ಲಿ ಕಳಿಸಿದರೆ ಒಂದು ಎಸ್ಎಂಎಸ್‌ಗೆ ಎಪ್ಪತ್ತೇ ಗುರುತು ಹಿಡಿಯುವುದರಿಂದ ಅದನ್ನು ನಾನು ಎಂಟು ಸಲ ಬರೆದು ಬರೆದು ಚಿಕ್ಕದು ಮಾಡಿದ್ದೆ. ಎರಡು ನಿಮಿಷಕ್ಕೆ ಮಾಸ್ತರರು ಮತ್ತೆ ಫೋನ್ ಮಾಡಿದರು. ನಿಮ್ಮ ಅಂಗಡಿಯ ಹೆಸರಿನಲ್ಲಿ ಒಂದು ಮೆಸೇಜ್ ಬಂದದ, ಕನ್ನಡ ಛಲೋ ಅದ, ಅದು ಖರೇನ ನಿಮ್ದ ಹೌದೋ ಅಲ್ಲೋ ಎಂದು ಕೇಳಲು.